ಪತ್ರಾಸಿನ ಕೆಳಗಿನ ಟ್ರಂಕು

ಹಳೆಯ ಫಿಲ್ಮಿನ ಡಬ್ಬಿ ತೆರೆದ ಕೂಡಲೇ ವಿನೆಗರ್ ವಾಸನೆ ಮೂಗಿಗೆ ಹೊಡೆಯಿತೆಂದರೆ ರೀಲು ಕೊಳೆಯತೊಡಗಿದೆ ಎಂದರ್ಥ. ಅಮೆರಿಕದ ಬ್ಲೂಮಿಂಗ್ಟನ್‌ನ ಇಂಡಿಯಾನಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನಾನು ಕಲಿತ ಮೊದಲ ಪಾಠ ಇದು. ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮು ಬಿಸಿಗೆ, ತೇವಕ್ಕೆ ಸಿಕ್ಕರೆ ಆಮ್ಲ ಬಿಡುತ್ತದೆ. ಆ ಆಮ್ಲವೇ ಅದನ್ನು ಇನ್ನಷ್ಟು ಬೇಗ ತಿನ್ನುತ್ತದೆ. ರೀಲು ಕುಗ್ಗಿ, ಮುರುಟಿ, ಪ್ರೊಜೆಕ್ಟರಿಗೆ ಏರದಂತಾಗುತ್ತದೆ. ತಂಪಾದ ಒಣ ಕೋಣೆಯಲ್ಲಿಟ್ಟರೆ ಕೊಳೆಯುವುದು ನಿಧಾನವಾಗುತ್ತದೆ, ಅಷ್ಟೇ.

ಇಲ್ಲಿ ಒಂದು ಕಾಲಕ್ಕೆ ಶಾಲೆಗಳಿಗೆ ಬಾಡಿಗೆಗೆ ಕಳಿಸುತ್ತಿದ್ದ 16 ಎಂಎಂ ಪಾಠದ ಚಿತ್ರಗಳು ಬಹಳ ಇವೆ. ಆಗ ಅವು ಕೆಲಸ ಮುಗಿದರೆ ಎಸೆಯುವ ಸಾಮಾನು. ಈಗ ಆ ಕಾಲದ ಹಿರಿಯರು ಮಕ್ಕಳು ಹೇಗಿರಬೇಕೆಂದು ಬಯಸಿದ್ದರು ಎಂದು ತಿಳಿಯಲು ಸಂಶೋಧಕರು ಅವನ್ನೇ ನೋಡುತ್ತಾರೆ. ಪುಸ್ತಕದ ಪುಟಕ್ಕೆ ಅಡಿಟಿಪ್ಪಣಿ ಕೊಟ್ಟಂತೆ ಚಿತ್ರದ ಇಂಥ ನಿಮಿಷಕ್ಕೂ ಕೊಡುತ್ತಾರೆ. ವಿಶ್ವವಿದ್ಯಾಲಯಕ್ಕೆ 200 ವರ್ಷ ತುಂಬುವ 2020ರ ಹೊತ್ತಿಗೆ ಹಳೆಯ ಟೇಪುಗಳನ್ನು ಡಿಜಿಟಲ್ ಮಾಡಬೇಕೆಂದು 2013ರಲ್ಲೇ ದೊಡ್ಡ ಯೋಜನೆ ಹಾಕಿಕೊಂಡಿದ್ದರು.

ಇಲ್ಲಿಯೂ ತೊಡಕಿದೆ. ಡಿವಿಡಿ ಕೊಂಡರೆ ಅದು ಗ್ರಂಥಾಲಯದ್ದು, ಎಷ್ಟು ವರ್ಷವಾದರೂ ಎರವಲು ಕೊಡಬಹುದು. ಸ್ಟ್ರೀಮಿಂಗ್‌ನಲ್ಲಿ ವರ್ಷಕ್ಕೋ ಮೂರು ವರ್ಷಕ್ಕೋ ಲೈಸೆನ್ಸ್; ಅವಧಿ ಮುಗಿದರೆ ಚಿತ್ರ ಕಪಾಟಿನಿಂದಲೇ ಮಾಯ.

ನಾನು ಓದಿದ ಕಾಲೇಜಿನಲ್ಲಿ ಸಿಡಿಗಳ ಬೀರುವಿಗೆ ಸದಾ ಬೀಗ. ಕೇಳಿದರೆ ‘ಅದು ಸಿಲೆಬಸ್‌ನ್ಯಾಗ ಇಲ್ಲ’ ಎನ್ನುತ್ತಿದ್ದರು. ಆ ಮಾತು ಇವತ್ತಿಗೂ ನೋಯಿಸುತ್ತದೆ. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನಾ’, ಒಂದು ಪ್ರತಿಯೂ ಉಳಿದಿಲ್ಲ. 1977ರ ‘ಘಟಶ್ರಾದ್ಧ’ದ ನೆಗೆಟಿವ್ ಪುಣೆಯ ಸಂಗ್ರಹಾಲಯದಲ್ಲಿ ಉಳಿದಿದ್ದಕ್ಕೇ ಅದು ಹೊಸದಾಗಿ 2024ರಲ್ಲಿ ವೆನಿಸ್ ಚಿತ್ರೋತ್ಸವದ ಪರದೆಗೆ ಬಂತು.

ನನ್ನ ಚಿಂತೆ ಗದಗಿನ ನಮ್ಮ ಮನೆಯದು. ದೊಡ್ಡಪ್ಪ ಮದುವೆ ವಿಡಿಯೊ ತೆಗೆಯುತ್ತಿದ್ದರು. 90ರ ದಶಕದಲ್ಲಿ ಜಾತ್ರೆಗಳಿಗೆ ಹೋಗಿ ಊರವರು ಆಡುವ ನಾಟಕಗಳನ್ನೂ ಬೆಳಗಿನವರೆಗೆ ನಿಂತು ಚಿತ್ರಿಸಿಕೊಂಡರು. ಆ 38 ವಿಎಚ್‌ಎಸ್ ಕ್ಯಾಸೆಟ್‌ಗಳು ಪತ್ರಾಸಿನ, ಅಂದರೆ ತಗಡಿನ ಮಾಡಿನ, ಕೆಳಗೆ ಟ್ರಂಕಿನಲ್ಲಿ ಬೇಯುತ್ತಿವೆ. ಅವನ್ನು ಹಾಕಿ ನೋಡುವ ಯಂತ್ರ, ವಿಸಿಆರ್, ಅದರ ತಯಾರಿಕೆ 2016ಕ್ಕೇ ನಿಂತಿದೆ. ಬೂಸ್ಟು ಹಿಡಿದ ಟೇಪನ್ನು ಯಂತ್ರಕ್ಕೆ ಹಾಕಿದರೆ ಟೇಪೂ ಹೋಗುತ್ತದೆ, ಯಂತ್ರವೂ ಹೋಗುತ್ತದೆ.

ಇವಕ್ಕೆ ಜಾಗ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯ, ಇಲ್ಲವೇ ಹಾವೇರಿ ಜಿಲ್ಲೆಯ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ. ಮ್ಯೂಸಿಯಮ್ಮಿನ ಗಾಜಿನೊಳಗೆ ಬೇಡ. ಪುಸ್ತಕದಂತೆ ನಂಬರು ಬಿದ್ದು, ಎಂ.ಎ. ಓದುವ ಹುಡುಗಿ ಕೇಳಿದರೆ ಕೈಗೆ ಸಿಗಬೇಕು. ಅದಕ್ಕೆ ಮೊದಲು ಯಾವ ಊರು, ಯಾವ ವರ್ಷ, ಯಾರ ಪಾತ್ರ ಎಂಬುದು ಬರಹದಲ್ಲಿರಬೇಕು. ದೊಡ್ಡಪ್ಪ ಈಗಿಲ್ಲ. ನೆನಪಿರುವುದು ಅವ್ವನಿಗೆ ಮಾತ್ರ.

‘ಗುಜರಿಗೆ ಹಾಕೂಣು ಅಂತ ನಿಮ್ಮಣ್ಣ ಅಂತಿದ್ದ,’ ಎಂದಳು ಅವ್ವ ಫೋನಿನಲ್ಲಿ.

‘ಬ್ಯಾಡಬೇ! ಟ್ರಂಕ್ ಕೆಳಗಿಳಿಸಿ ಒಳಗ ಇಡಸು. ಕ್ಯಾಸೆಟ್ ನಿಲ್ಲಿಸಿ ಇಡ್ರಿ, ಯಾವುದೂ ಹಚ್ಚಬ್ಯಾಡ್ರಿ.’

ಭಾನುವಾರ ಅಣ್ಣ ಫೋನಿನಲ್ಲಿ ಒಂದೊಂದೇ ಕ್ಯಾಸೆಟ್ ಎತ್ತಿ ಮೇಲಿನ ಚೀಟಿ ಓದಿದ. ನಾನು ಇಲ್ಲಿ ಬರೆದುಕೊಂಡೆ. ಏಳನೆಯದಕ್ಕೆ ಚೀಟಿಯೇ ಇರಲಿಲ್ಲ, ಬರೀ ಅರಿಶಿನದ ಕಲೆ.

‘ತಡಿ,’ ಎಂದಳು ಅವ್ವ. ‘ಅದು ನೀ ಹುಟ್ಟಿದ ವರ್ಷದ್ದು. ಕಾಲುಪೆಟ್ಟಿಗಿ ನುಡಿಸಿದಾವ ನಮ್ಮ ಸ್ವಾದರಮಾವ.’