ಅಟ್ಲಾಂಟಾಗೆ ಹೋದವರು ಮಾಂಟ್ಗಮರಿಗೂ ಹೋಗಿ ಬನ್ನಿ

ಅಟ್ಲಾಂಟಾದ ಮಕ್ಕಳ ಮನೆಗೆ ಬರುವ ನಮ್ಮೂರ ಅಪ್ಪ ಅಮ್ಮಂದಿರು ಅಕ್ವೇರಿಯಂ, ಕೋಕಾ-ಕೋಲಾ ಮ್ಯೂಸಿಯಂ ನೋಡಿ, ದಾರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಸಮಾಧಿ ಮುಂದೆ ಫೋಟೋ ತೆಗೆಸಿಕೊಂಡು ಮುಗಿಸುತ್ತಾರೆ. ಅಷ್ಟು ಸಾಲದು. ಪಕ್ಕದ ಅಲಬಾಮಾ ರಾಜ್ಯದ ಮಾಂಟ್ಗಮರಿಗೂ ಹೋಗಬೇಕು. ಕಪ್ಪು ಜನರ ಸಮಾನ ಹಕ್ಕಿಗಾಗಿ ಕಿಂಗ್ ಯಾಕೆ ಬೀದಿಗಿಳಿದರು ಅನ್ನೋದು ಎರಡೂ ಊರು ನೋಡಿದಾಗಲೇ ಗೊತ್ತಾಗೋದು.

ಮೊದಲು ಅಟ್ಲಾಂಟಾದ ಆಬರ್ನ್ ಅವೆನ್ಯೂ. 1929ರಲ್ಲಿ ಅವರು ಹುಟ್ಟಿದ ಮನೆ ಇಲ್ಲಿದೆ. ದುರಸ್ತಿಗೆಂದು 2023ರಲ್ಲಿ ಮುಚ್ಚಿದ್ದರು, ಹಾಗಾಗಿ ಒಳಗೆ ಬಿಡ್ತಾರಾ ಅಂತ ವೆಬ್‌ಸೈಟ್ ನೋಡಿಕೊಂಡೇ ಹೊರಡಿ. ಬಿಡದಿದ್ದರೂ ಬೇಸರ ಬೇಡ, ಬೀದಿಯೇ ಸಾಕಷ್ಟು ಹೇಳುತ್ತೆ. ಅಪ್ಪ ಪಾದ್ರಿಯಾಗಿದ್ದ ಎಬೆನೀಜರ್ ಚರ್ಚ್ ಇಲ್ಲೇ ಹತ್ತಿರ. ಚಿಕ್ಕಂದಿನಲ್ಲಿ ಕಿಂಗ್‌ಗೆ ಒಬ್ಬ ಬಿಳಿಯ ಗೆಳೆಯನಿದ್ದ. ಆರನೇ ವಯಸ್ಸಿಗೆ ಇಬ್ಬರೂ ಬೇರೆ ಬೇರೆ ಶಾಲೆಗೆ ಸೇರಬೇಕಾಯಿತು. ಇನ್ನು ಆಟವಾಡೋಕೆ ಬಿಡಲ್ಲ ಅಂತ ಆ ಹುಡುಗನ ಮನೆಯಲ್ಲಿ ಹೇಳಿಬಿಟ್ಟರು. ಕಾರಣ ಬಣ್ಣ, ಅಷ್ಟೇ. ನಮಗೆ ಇದು ಹೊಸದೇನಲ್ಲ, ಅಲ್ವಾ? 1959ರಲ್ಲಿ ಕಿಂಗ್ ಭಾರತಕ್ಕೆ ಬಂದಾಗ ತಿರುವನಂತಪುರದ ಶಾಲೆಯೊಂದರಲ್ಲಿ ಅವರನ್ನು ಅಮೆರಿಕದ ಅಸ್ಪೃಶ್ಯ ಎಂದೇ ಮಕ್ಕಳಿಗೆ ಪರಿಚಯಿಸಿದ್ದರು. ಮೊದಲು ಆಘಾತವಾಯಿತು, ಆಮೇಲೆ ಅದು ನಿಜ ಅನಿಸಿತು ಎಂದು ಮುಂದೊಮ್ಮೆ ಇದೇ ಎಬೆನೀಜರ್ ಚರ್ಚಿನಲ್ಲಿ ಅವರೇ ಹೇಳಿಕೊಂಡರು.

ಮಾಂಟ್ಗಮರಿಗೆ ಕಾರಿನಲ್ಲಿ ಸುಮಾರು ಎರಡೂವರೆ ಗಂಟೆ. ಅಲಬಾಮಾ ಗಡಿ ದಾಟಿದರೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ವಾಪಸ್ ಬರುವಾಗ ಆ ಗಂಟೆ ಕಳೆದುಕೊಳ್ಳುತ್ತೀರಿ, ಲೆಕ್ಕದಲ್ಲಿರಲಿ. ದಾರಿಯಲ್ಲಿ ಮನೆಯವರಿಗೆ 1944ರ ಬಸ್ ಕಥೆ ಹೇಳಿ. 15ರ ಹುಡುಗ ಕಿಂಗ್ ಅಟ್ಲಾಂಟಾ ಇರುವ ಜಾರ್ಜಿಯಾ ರಾಜ್ಯದ್ದೇ ಡಬ್ಲಿನ್ ಎಂಬ ಊರಿನಲ್ಲಿ ಭಾಷಣ ಸ್ಪರ್ಧೆ ಮುಗಿಸಿ ಬಸ್ಸಿನಲ್ಲಿ ವಾಪಸಾಗುತ್ತಿದ್ದರು. ವಿಷಯ ಕಪ್ಪು ಜನ ಮತ್ತು ಸಂವಿಧಾನ! ಬಿಳಿಯರು ಹತ್ತಿದ ಕೂಡಲೇ ಡ್ರೈವರ್ ಎದ್ದೇಳು ಅಂದ. ಹುಡುಗ ಕೂತೇ ಇದ್ದ. ಜೊತೆಗಿದ್ದ ಟೀಚರ್ ಹೇಳಿದ ಮೇಲೆ ಎದ್ದ. ಅಟ್ಲಾಂಟಾವರೆಗೆ 90 ಮೈಲಿ ನಿಂತೇ ಬಂದರು. ಜೀವನದಲ್ಲಿ ಅಷ್ಟು ಸಿಟ್ಟು ಬಂದದ್ದೇ ಇಲ್ಲ ಎಂದು ಅವರು ಹೇಳಿದ್ದುಂಟು.

ಹನ್ನೊಂದು ವರ್ಷದ ನಂತರ ಮಾಂಟ್ಗಮರಿಯಲ್ಲಿ ಮತ್ತೆ ಬಸ್ಸಿನದೇ ಜಗಳ. ಅಲ್ಲಿ ಕಪ್ಪು ಜನ ಮುಂದಿನ ಬಾಗಿಲಲ್ಲಿ ಕಾಸು ಕೊಟ್ಟು, ಇಳಿದು, ಹಿಂದಿನ ಬಾಗಿಲಲ್ಲಿ ಹತ್ತಬೇಕಿತ್ತು. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆ ಬಿಳಿಯರಿಗೆ ಸೀಟು ಬಿಡಲಿಲ್ಲ, ಬಂಧನವಾಯಿತು. ಅದನ್ನು ವಿರೋಧಿಸಿ ಕಪ್ಪು ಜನ ಬಸ್ಸುಗಳಿಗೆ ಹಾಕಿದ ಬಹಿಷ್ಕಾರ 381 ದಿನ ನಡೆಯಿತು. ಮುಂದೆ ನಿಂತ ಕಿಂಗ್‌ಗೆ ಆಗ ಬರೀ 26. ಬಂಧನವಾದ ಜಾಗದಲ್ಲಿ ಈಗ ರೋಸಾ ಪಾರ್ಕ್ಸ್ ಮ್ಯೂಸಿಯಂ ಇದೆ. ಅಸಲಿ ಬಸ್ ಮಾತ್ರ ಮಿಷಿಗನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿದೆ, ಇಲ್ಲಿ ಹುಡುಕಬೇಡಿ.

ಒಂದೇ ಜಾಗ ನೋಡಲು ಸಮಯವಿದ್ದರೆ ಸೌತ್ ಜಾಕ್ಸನ್ ಬೀದಿಯಲ್ಲಿ ಕಿಂಗ್ ವಾಸವಿದ್ದ ಪಾದ್ರಿ ಮನೆ ನೋಡಿ. 1956ರ ಜನವರಿ 30ರ ರಾತ್ರಿ ಜಗುಲಿಗೆ ಬಾಂಬ್ ಬಿತ್ತು. ಒಳಗೆ ಹೆಂಡತಿ ಕೊರೆಟಾ ಮತ್ತು ಹಸುಗೂಸು ಮಗಳಿದ್ದರು, ಏನೂ ಆಗಲಿಲ್ಲ. ಬಾಂಬಿನ ಗುರುತು ಈಗಲೂ ಇದೆ. ಪುಟ್ಟ ಮನೆ, ಮೊದಲೇ ಬುಕ್ ಮಾಡಿ. ಅವರು ಪಾದ್ರಿಯಾಗಿದ್ದ ಡೆಕ್ಸ್ಟರ್ ಅವೆನ್ಯೂ ಚರ್ಚ್ ಇರೋದು ರಾಜ್ಯದ ಕ್ಯಾಪಿಟಲ್ ಕಟ್ಟಡದ ಮಗ್ಗುಲಲ್ಲೇ. ಗುಲಾಮಗಿರಿ ಉಳಿಸಿಕೊಳ್ಳಲು ಬೇರೆಯಾದ ರಾಜ್ಯಗಳ ಅಧ್ಯಕ್ಷ ಜೆಫರ್ಸನ್ ಡೇವಿಸ್ 1861ರಲ್ಲಿ ಪ್ರಮಾಣ ಸ್ವೀಕರಿಸಿದ್ದು ಅದೇ ಕಟ್ಟಡದ ಮುಂದೆ.

ಗುಲಾಮಗಿರಿಯಿಂದ ಹಿಡಿದು ಕಪ್ಪು ಜನರ ಮೇಲಾದ ದೌರ್ಜನ್ಯದ ಕಥೆ ಹೇಳುವ ಇಲ್ಲಿನ ಲೆಗಸಿ ಮ್ಯೂಸಿಯಂಗೆ ಜಾಸ್ತಿ ಹೊತ್ತು ಇಟ್ಟುಕೊಳ್ಳಿ. ಗುಂಪುಹತ್ಯೆಗಳ ವಿವರ ಬರುತ್ತೆ, ಸಣ್ಣ ಮಕ್ಕಳಿದ್ದರೆ ಯೋಚಿಸಿ. ವಾರದ ಎಲ್ಲ ದಿನವೂ ತೆರೆದಿರಲ್ಲ, ನೋಡಿಕೊಂಡು ಹೋಗಿ.

ಉಳಿದ ಸಮಯಕ್ಕೆ ಸೆಲ್ಮಾ, ಸುಮಾರು ಒಂದು ಗಂಟೆ ದಾರಿ. 1965ರ ಮಾರ್ಚ್ 7ರಂದು ಪೊಲೀಸರು ಮತದ ಹಕ್ಕು ಕೇಳಿದವರನ್ನು ಹೊಡೆದದ್ದು ಅಲ್ಲಿನ ಎಡ್ಮಂಡ್ ಪೆಟಸ್ ಸೇತುವೆಯ ಬಳಿ. ಸೇತುವೆಯನ್ನು ಕಾರಿನಲ್ಲಿ ದಾಟಬೇಡಿ, ಈಚೆಯೇ ನಿಲ್ಲಿಸಿ ನಡೆಯಿರಿ. ಮಾರ್ಚ್ ಮೊದಲ ವಾರ ಸ್ಮರಣೆಗೆಂದು ಬಹಳ ಜನ ಸೇರುತ್ತಾರೆ, ಆಗ ಹೋಗೋದಾದರೆ ಮಾಂಟ್ಗಮರಿಯಲ್ಲೇ ಹೋಟೆಲ್ ಮೊದಲು ಮಾಡಿಕೊಳ್ಳಿ.