ಒಂದು ಮೇಲ್‌ಗೆ ನಾಲ್ಕು ಜರಡಿ

ಕಳೆದ ಜುಲೈ, ಒಂದು ಶುಕ್ರವಾರ ಸಂಜೆ. ನಮ್ಮ ಇಂಪೋರ್ಟ್ ವಿಭಾಗದ ಹಿರಿಯರೊಬ್ಬರು ನನ್ನ ಟೇಬಲ್ ಹತ್ತಿರ ಬಂದು ನಿಂತರು. ಕುಂದಾಪುರದ ಕಡೆಯವರು. ಆಫೀಸಿನ ಮರಾಠಿಯವರು, ಗುಜರಾತಿಯವರು ಕೂಡ ಅವರನ್ನು ‘ಅಣ್ಣ’ ಅಂತಲೇ ಕರೆಯುತ್ತಾರೆ. ಚೀನಾದ ಫಾರ್ವರ್ಡರ್, ಅಂದರೆ ಅಲ್ಲಿಂದ ಸರಕು ಹಡಗಿಗೆ ಹಾಕಿಸಿ ಕಳಿಸುವ ಏಜೆಂಟ್, ಬುಧವಾರವೇ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ಕಳಿಸಿದ್ದಾನಂತೆ, ತಮಗೆ ಬಂದಿಲ್ಲ ಅಂದರು.

ಹೊರಗಿನಿಂದ ಬರುವ ಮೇಲ್‌ಗಳನ್ನು ಮೊದಲು ಸೋಸುವ ಸ್ಪ್ಯಾಮ್ ಗೇಟ್‌ವೇ ತೆರೆದು ಅದರ ಲಾಗ್ (ದಾಖಲೆ) ನೋಡಿದೆ. ಮೇಲ್ ಅಲ್ಲಿತ್ತು. ಅದರ ಎದುರಿಗೆ ಹಸಿರು ಬಣ್ಣದಲ್ಲಿ ‘ಡೆಲಿವರ್ಡ್’ ಅಂತಿತ್ತು.

“ಬಂದಿದೆ ಅಣ್ಣ. ನಿಮ್ಮ ಔಟ್‌ಲುಕ್‌ನಲ್ಲೇ ಎಲ್ಲೋ ಇದೆ, ಸರಿಯಾಗಿ ಹುಡುಕಿ” ಅಂದೆ.

“ಬರ್ಲಿಲ್ಲ ಮಾರಾಯ. ಬಂದಿದ್ರೆ ನಾನ್ಯಾಕೆ ನಿನ್ ಹತ್ರ ಬರ್ತಿದ್ದೆ?”

ಅವರ ಆ ಮಾತನ್ನು ನಾನು ಅವತ್ತೇ ನಂಬಬೇಕಿತ್ತು. ನಂಬಿದ್ದು ಪರದೆಯ ಮೇಲಿನ ಹಸಿರು ಅಕ್ಷರವನ್ನು.

ನಮ್ಮ ಆಫೀಸು ನವಿ ಮುಂಬೈನ ಬೇಲಾಪುರದಲ್ಲಿದೆ. ನ್ಹಾವಾ ಶೇವಾ ಬಂದರಿಗೆ ಬರುವ ಕಂಟೇನರ್‌ಗಳಿಗೆ ಕಸ್ಟಮ್ಸ್ ಕ್ಲಿಯರೆನ್ಸ್ ಮಾಡಿಸುವುದು ನಮ್ಮ ಕೆಲಸ. 38 ಜನ ಇದ್ದೇವೆ. ಐ.ಟಿ. ನೋಡಿಕೊಳ್ಳುವವನು ನಾನೊಬ್ಬನೇ. ಈ ಕೆಲಸದಲ್ಲಿ ಮೇಲ್ ಒಂದು ದಿನ ತಡವಾದರೂ ದುಡ್ಡು ಹೋಗುತ್ತದೆ. 2021ರಲ್ಲಿ ಬದಲಾದ ನಿಯಮದ ಪ್ರಕಾರ ಹಡಗು ಬರುವ ಹಿಂದಿನ ದಿನ ಮುಗಿಯುವುದರೊಳಗೆ ಬಿಲ್ ಆಫ್ ಎಂಟ್ರಿ, ಅಂದರೆ ಆಮದು ಸರಕಿನ ವಿವರ ಕಸ್ಟಮ್ಸ್‌ಗೆ ಕೊಡುವ ಪತ್ರ, ಹಾಕಬೇಕು. ತಪ್ಪಿದರೆ ಮೊದಲ 3 ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000 ರೂಪಾಯಿ. ಇನ್‌ವಾಯ್ಸ್ ಕೈಗೆ ಬರದೆ ಬಿಲ್ ಆಫ್ ಎಂಟ್ರಿ ಹಾಕುವುದು ಹೇಗೆ?

ಶನಿವಾರ, ಭಾನುವಾರ ಫಾರ್ವರ್ಡರ್ ಆಫೀಸಿಗೆ ರಜೆ. ಹಡಗು ಭಾನುವಾರ ಬಂತು. ಸೋಮವಾರ ಅವನು ಅದೇ ಮೇಲ್ ಮತ್ತೆ ಕಳಿಸಿದ. ಅದೂ ಕಾಣಲಿಲ್ಲ. ಮಂಗಳವಾರ ಬೆಳಿಗ್ಗೆ, ಬೇರೇನೋ ಕೆಲಸಕ್ಕೆ ಕ್ಲೌಡ್ ಮೇಲ್‌ನ ಅಡ್ಮಿನ್ ಪುಟ ತೆರೆದಾಗ, ಅಲ್ಲಿನ ಕ್ವಾರಂಟೈನ್‌ನಲ್ಲಿ, ಅಂದರೆ ಅನುಮಾನದ ಮೇಲ್‌ಗಳನ್ನು ತಡೆದಿಡುವ ಜಾಗದಲ್ಲಿ, ಎರಡೂ ಮೇಲ್ ಒಂದರ ಕೆಳಗೊಂದು ಕೂತಿದ್ದವು. ಅಣ್ಣ ಮಧ್ಯಾಹ್ನ ಊಟಕ್ಕೂ ಏಳದೆ ಬಿಲ್ ಆಫ್ ಎಂಟ್ರಿ ಹಾಕಿದರು. 3 ದಿನದ ದಂಡ 15,000 ರೂಪಾಯಿ ಬಿತ್ತು. ಗ್ರಾಹಕರು ಸಣ್ಣ ಫ್ಯಾಕ್ಟರಿಯವರು, ಅವರ ತಪ್ಪೇನೂ ಇರಲಿಲ್ಲ. ನಮ್ಮ ಯಜಮಾನರು ಕಂಪನಿಯ ಲೆಕ್ಕದಿಂದಲೇ ಕಟ್ಟಿದರು. ನನಗೆ ಒಂದು ಮಾತೂ ಅನ್ನಲಿಲ್ಲ. ಆದರೆ ಅಣ್ಣನಿಗೆ ‘ಸರಿಯಾಗಿ ಹುಡುಕಿ’ ಅಂದಿದ್ದು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತದೆ.

ಅವತ್ತು ಸಂಜೆ ಎಲ್ಲರೂ ಹೋದ ಮೇಲೆ ಕೂತು ಲೆಕ್ಕ ಹಾಕಿದೆ. ಹೊರಗಿನಿಂದ ಬರುವ ಒಂದು ಮೇಲ್ ಎಷ್ಟು ಜರಡಿ ದಾಟಿ ನಮ್ಮವರ ಕಣ್ಣಿಗೆ ಬೀಳುತ್ತದೆ? ನಾಲ್ಕು. ಮೊದಲನೆಯದು ಗೇಟ್‌ವೇ. ಮೇಲ್ ಸರ್ವರ್ ಆಫೀಸಿನೊಳಗೇ ಇದ್ದ ಕಾಲದಲ್ಲಿ ತಗೊಂಡಿದ್ದು. ಆಮೇಲೆ ಕ್ಲೌಡ್‌ಗೆ ಹೋದೆವು, ಅದಕ್ಕೆ ಅದರದೇ ಫಿಲ್ಟರ್ ಇತ್ತು. ಕಂಪ್ಯೂಟರ್‌ಗಳಿಗೆ ಹಾಕಿದ ಆ್ಯಂಟಿವೈರಸ್ ಜೊತೆ ಸ್ಪ್ಯಾಮ್ ಹಿಡಿಯುವ ಪ್ಲಗಿನ್ ಸುಮ್ನೆ ಬಂದಿತ್ತು. ಔಟ್‌ಲುಕ್‌ಗೆ ತನ್ನದೇ ಜಂಕ್ ಫಿಲ್ಟರ್ ಮೊದಲಿಂದಲೂ ಇದೆ. ಹೊಸದು ಬಂದಾಗ ಹಳೆಯದನ್ನು ಯಾರೂ ತೆಗೆಯಲಿಲ್ಲ. ಇರಲಿ ಬಿಡಿ, ಒಂದು ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಅಂತ ನಾನೇ ಎರಡು ಸಲ ಹೇಳಿದ್ದೇನೆ.

ಒಂದು ಜರಡಿ ಮಾಡುವ ಕೆಲಸ ಇನ್ನೊಂದನ್ನು ಕೆಡಿಸಬಹುದು ಅನ್ನುವುದು ನನಗೆ ಹೊಳೆದಿರಲೇ ಇಲ್ಲ. ನಮ್ಮಲ್ಲಿ ಆಗಿದ್ದು ಅದೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಎರಡು ಫಿಲ್ಟರ್ ಇಟ್ಟುಕೊಂಡ ಎಷ್ಟೋ ಆಫೀಸುಗಳಲ್ಲಿ ಇದೇ ತೊಂದರೆ ಇರಬಹುದು.

ಮೇಲ್ ನಿಜವಾಗಿ ಆ ಕಂಪನಿಯದೇ ಹೌದಾ ಅಂತ ನೋಡಲು ಎರಡು ದಾರಿ ಇವೆ. ಒಂದು ಎಸ್‌ಪಿಎಫ್. ತನ್ನ ಹೆಸರಿನಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಅಂತ ಕಂಪನಿ ತನ್ನ ಡಿಎನ್‌ಎಸ್‌ನಲ್ಲಿ (ಇಂಟರ್ನೆಟ್‌ನ ವಿಳಾಸ ಪುಸ್ತಕ) ಪಟ್ಟಿ ಹಾಕಿರುತ್ತದೆ. ಇನ್ನೊಂದು ಡಿಕಿಮ್. ಅದು ಕಂಟೇನರ್‌ಗೆ ಹಾಕುವ ಸೀಲ್ ಇದ್ದ ಹಾಗೆ. ನಮ್ಮ ಹುಡುಗರು ಯಾರ್ಡ್‌ನಲ್ಲಿ ಸೀಲ್ ನಂಬರನ್ನು ಬಿಲ್ ಆಫ್ ಲೇಡಿಂಗ್ (ಹಡಗಿನವರು ಕೊಡುವ ಸರಕಿನ ರಸೀದಿ) ಜೊತೆ ಹೋಲಿಸಿ ನೋಡುತ್ತಾರಲ್ಲ, ಹಾಗೇ ಮೇಲ್ ಸರ್ವರ್ ಈ ಸೀಲನ್ನು ನೋಡುತ್ತದೆ. ನಡುವೆ ಯಾರಾದರೂ ಮೇಲ್‌ನೊಳಗೆ ಒಂದು ಅಕ್ಷರ ಸೇರಿಸಿದರೂ ಸೀಲ್ ಹೊಂದುವುದಿಲ್ಲ. ಇವೆರಡರಲ್ಲಿ ಒಂದಾದರೂ ಆ ಕಂಪನಿಯ ಹೆಸರಿಗೆ ಹೊಂದಿದರೆ ಸಾಕು. ಎರಡೂ ಹೊಂದದಿದ್ದರೆ ಏನು ಮಾಡಬೇಕು ಅಂತ ಕಂಪನಿ ಹೇಳಿಟ್ಟಿರುವುದು ಡಿಮಾರ್ಕ್: ಸುಮ್ನೆ ಬಿಡಿ, ತಡೆದು ಇಡಿ, ಇಲ್ಲವೇ ವಾಪಸ್ ಕಳಿಸಿ.

ನಮ್ಮ ಗೇಟ್‌ವೇ ಪ್ರತಿ ಮೇಲ್‌ನ ಕೆಳಗೆ ‘ಇದು ಹೊರಗಿನಿಂದ ಬಂದ ಮೇಲ್, ಎಚ್ಚರಿಕೆ’ ಅಂತ ಒಂದು ಸಾಲು ಸೇರಿಸುತ್ತಿತ್ತು. ಸಬ್ಜೆಕ್ಟ್ ಮುಂದೆಯೂ ಒಂದು ಗುರುತು. ಆ ಸೆಟ್ಟಿಂಗ್ ಹಾಕಿದವನು ನಾನೇ, ಒಳ್ಳೆಯ ಉದ್ದೇಶದಿಂದಲೇ. ಅದರಿಂದ ಡಿಕಿಮ್ ಸೀಲ್ ಮುರಿಯಿತು. ಎಸ್‌ಪಿಎಫ್? ಕ್ಲೌಡ್‌ನ ಕಣ್ಣಿಗೆ ಮೇಲ್ ಬಂದದ್ದು ನಮ್ಮ ಗೇಟ್‌ವೇ ವಿಳಾಸದಿಂದ. ಚೀನಾದ ಫಾರ್ವರ್ಡರ್‌ನ ಪಟ್ಟಿಯಲ್ಲಿ ನಮ್ಮ ಗೇಟ್‌ವೇ ಹೆಸರು ಯಾಕಿರುತ್ತದೆ? ಅದೂ ಬಿತ್ತು. ಎರಡೂ ಬಿದ್ದ ಮೇಲೆ ಕ್ಲೌಡ್ ಅದನ್ನು ಕಳ್ಳ ಮೇಲ್ ಅಂದುಕೊಂಡಿತು. ಅದರ ಕೆಲಸ ಅದು ಸರಿಯಾಗಿಯೇ ಮಾಡಿತ್ತು.

ಹಾಗಾದರೆ ಇಷ್ಟು ವರ್ಷ ಹೇಗೆ ನಡೆಯಿತು? ಫಾರ್ವರ್ಡರ್ ಕಂಪನಿ ಮೊದಲು ತನ್ನ ಡಿಮಾರ್ಕ್‌ನಲ್ಲಿ ‘ಸುಮ್ನೆ ಬಿಡಿ’ ಅಂತಿಟ್ಟಿತ್ತು. ಅದೇ ತಿಂಗಳು ‘ತಡೆದು ಇಡಿ’ ಅಂತ ಬದಲಿಸಿತ್ತು. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ದಿನಕ್ಕೆ 5,000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರಿಗೆ ಗೂಗಲ್ ಈ ಮೂರನ್ನೂ ಕಡ್ಡಾಯ ಮಾಡಿತು. ದೊಡ್ಡವರು, ಚಿಕ್ಕವರು ಎಲ್ಲರೂ ಈಗ ಇದನ್ನು ಬಿಗಿ ಮಾಡಿಕೊಳ್ಳುತ್ತಿದ್ದಾರೆ. ನಡುವೆ ಗೇಟ್‌ವೇ ಇಟ್ಟುಕೊಂಡವರಿಗೆ ಇವತ್ತಲ್ಲ ನಾಳೆ ಇದು ತಟ್ಟುತ್ತದೆ.

ಇನ್ನು ಆ ‘ಡೆಲಿವರ್ಡ್’. ಮೇಲ್ ಸರ್ವರ್‌ಗಳ ಭಾಷೆಯಲ್ಲಿ 250 ಅಂದರೆ ‘ತಗೊಂಡೆ, ಇನ್ನು ಇದು ನನ್ನ ಜವಾಬ್ದಾರಿ’ ಅಂತ. ಗೇಟ್‌ವೇಗೆ ಕ್ಲೌಡ್‌ನಿಂದ 250 ಬಂತು, ಅದು ‘ಡೆಲಿವರ್ಡ್’ ಅಂತ ಬರೆದುಕೊಂಡಿತು. ನಮ್ಮ ಚೆಂಬೂರಿನ ಬಿಲ್ಡಿಂಗ್‌ನಲ್ಲಿ ಕೊರಿಯರ್ ಹುಡುಗ ಪಾರ್ಸಲ್ಲನ್ನು ವಾಚ್‌ಮನ್ ಕೈಗೆ ಕೊಟ್ಟು ಡೆಲಿವರಿ ಆಯ್ತು ಅಂತ ಒತ್ತುತ್ತಾನಲ್ಲ, ಅಷ್ಟೇ. ಮನೆಗೆ ಬಂತಾ ಇಲ್ವಾ ಅನ್ನುವುದು ಬೇರೆ ಮಾತು.

ಇದೆಲ್ಲ ಗೊತ್ತಾಗುವ ಮೊದಲು, ಆ ಮಂಗಳವಾರದ ಗಡಿಬಿಡಿಯಲ್ಲಿ, ನಾನು ಇನ್ನೊಂದು ತಪ್ಪು ಮಾಡಿದೆ. ಫಾರ್ವರ್ಡರ್‌ನ ಡೊಮೇನನ್ನು (ಮೇಲ್ ವಿಳಾಸದಲ್ಲಿ @ ನಂತರ ಬರುವ ಹೆಸರು) ನಾಲ್ಕೂ ಕಡೆ ವೈಟ್‌ಲಿಸ್ಟ್‌ಗೆ, ಅಂದರೆ ‘ಇವರನ್ನು ತಡೆಯಬೇಡ’ ಅನ್ನುವ ಪಟ್ಟಿಗೆ, ಹಾಕಿಬಿಟ್ಟೆ. ಜೊತೆಗೆ ನಾವು ಜಾಸ್ತಿ ವ್ಯವಹಾರ ಮಾಡುವ ಇನ್ನೂ ಹನ್ನೊಂದು ಡೊಮೇನ್. ಮೇಲ್‌ಗಳು ಸಲೀಸಾಗಿ ಬರತೊಡಗಿದವು. ಎಲ್ಲರಿಗೂ ಖುಷಿ.

ಎರಡು ವಾರ ಕಳೆದಿರಬೇಕು. ಅಕೌಂಟ್ಸ್‌ನ ಅಕ್ಕ, ಬೆಳಗಾವಿಯವರು, ಫೋನ್ ಮಾಡಿ ಸ್ವಲ್ಪ ಇಲ್ಲಿ ಬಾ ಅಂದರು. ಪರದೆಯ ಮೇಲೆ ಒಂದು ಮೇಲ್ ಇತ್ತು. ಅದೇ ಹನ್ನೊಂದರಲ್ಲಿ ಒಂದು ಏಜೆಂಟ್ ಕಂಪನಿಯ ಹೆಸರು, ಅದೇ ಸಹಿ, ಅದೇ ಲೋಗೋ. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಬಾಕಿ ಹಣವನ್ನು ಇನ್ನು ಮುಂದೆ ಇಲ್ಲಿಗೆ ಹಾಕಿ’ ಅಂತ.

“ಇವ್ರು ಹತ್ತು ವರ್ಷದಿಂದ ಖಾತೆ ಬದ್ಲಿ ಮಾಡಿಲ್ಲ ನೋಡಪಾ. ಅದಕ್ಕ ಅವ್ರ ಆಫೀಸಿಗೆ ಫೋನ್ ಹಚ್ಚಿ ಕೇಳಿದೆ. ನಾವು ಕಳ್ಸೇ ಇಲ್ಲ ಅಂದ್ರು.”

ಮೇಲ್‌ನಲ್ಲಿದ್ದ ನಂಬರ್‌ಗೆ ಅಕ್ಕ ಫೋನ್ ಮಾಡಿರಲಿಲ್ಲ. ತಮ್ಮ ಹಳೆಯ ಡೈರಿಯಲ್ಲಿದ್ದ ನಂಬರ್ ನೋಡಿ ಮಾಡಿದ್ದರು. ನಾನು ಹೆಡರ್, ಅಂದರೆ ಮೇಲ್ ಬಂದ ದಾರಿಯ ವಿವರ ಇರುವ ಅಡಗಿದ ಸಾಲುಗಳನ್ನು, ತೆಗೆದು ನೋಡಿದೆ. ಎಸ್‌ಪಿಎಫ್ ಫೇಲ್, ಡಿಕಿಮ್ ಇಲ್ಲವೇ ಇಲ್ಲ, ಡಿಮಾರ್ಕ್ ಫೇಲ್. ಅದರ ಕೆಳಗೇ ‘ಅನುಮತಿಸಿದ ಕಳುಹಿಸುವವರು, ಫಿಲ್ಟರ್ ಬಿಟ್ಟಿದೆ’ ಅಂತ ಇತ್ತು. ಯಾರೋ ಆ ಡೊಮೇನ್ ಹೆಸರನ್ನು ಸುಮ್ನೆ ‘ಫ್ರಮ್’ ಜಾಗದಲ್ಲಿ ಬರೆದು ಕಳಿಸಿದ್ದರು. ಬಾಗಿಲು ತೆರೆದು ಇಟ್ಟವನು ನಾನು. ಕೈಕಾಲು ತಣ್ಣಗಾದವು. ಅಕ್ಕ ಆ ಫೋನ್ ಮಾಡದಿದ್ದರೆ ನಾವು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಕಾಯುತ್ತ ಕೂರಬೇಕಿತ್ತು. ಹಣ ಕಳೆದುಕೊಂಡವರು ಆದಷ್ಟು ಬೇಗ ಆ ನಂಬರ್‌ಗೆ ತಿಳಿಸಬೇಕು ಅನ್ನುವುದನ್ನು ಅವತ್ತೇ ಅಕೌಂಟ್ಸ್ ಗೋಡೆಗೆ ಬರೆದು ಅಂಟಿಸಿದೆ.

ಅವತ್ತೇ ಹನ್ನೆರಡೂ ಡೊಮೇನ್‌ಗಳನ್ನು ವೈಟ್‌ಲಿಸ್ಟ್‌ನಿಂದ ತೆಗೆದೆ. ಅದರ ಬದಲು ಮೂಲದಲ್ಲಿದ್ದ ತಪ್ಪನ್ನು ಸರಿ ಮಾಡಿದೆ. ಗೇಟ್‌ವೇ ಸೇರಿಸುತ್ತಿದ್ದ ಎಚ್ಚರಿಕೆ ಸಾಲು, ಸಬ್ಜೆಕ್ಟ್ ಗುರುತು ನಿಲ್ಲಿಸಿದೆ. ಗೇಟ್‌ವೇ ವಿಳಾಸವನ್ನು ಬಿಟ್ಟು ಅದರ ಹಿಂದಿನ ವಿಳಾಸ ನೋಡು ಅಂತ ಕ್ಲೌಡ್‌ಗೆ ಹೇಳುವ ಸೆಟ್ಟಿಂಗ್ ಇರುತ್ತದೆ, ಅದನ್ನು ಹಾಕಿದೆ. ಗೇಟ್‌ವೇ ಮೂಲಕ ಬರದ ಮೇಲ್‌ಗಳನ್ನು ಕ್ಲೌಡ್ ತಗೊಳ್ಳದ ಹಾಗೆ ಮಾಡಿದೆ. ಇದನ್ನು ಬಹಳ ಜನ ಮರೆಯುತ್ತಾರೆ. ಗೇಟ್‌ವೇ ಪಕ್ಕದಲ್ಲೇ ಸುತ್ತಿ ನೇರವಾಗಿ ಕ್ಲೌಡ್ ಬಾಗಿಲು ತಟ್ಟುವ ಸ್ಪ್ಯಾಮ್ ಕಮ್ಮಿ ಏನಿಲ್ಲ.

ಆಮೇಲೆ ಒಂದೊಂದೇ ಟೇಬಲ್. ಆ್ಯಂಟಿವೈರಸ್‌ನ ಸ್ಪ್ಯಾಮ್ ಪ್ಲಗಿನ್ ಮಾತ್ರ ಬಂದ್ ಮಾಡಿದೆ, ಫೈಲ್ ಪರೀಕ್ಷೆ ಹಾಗೇ ಇರಲಿ ಅಂತ ಬಿಟ್ಟೆ. ಔಟ್‌ಲುಕ್‌ನ ಜಂಕ್ ಫಿಲ್ಟರ್ ನಿಲ್ಲಿಸಿದೆ. ಅದನ್ನು ನಿಲ್ಲಿಸಿದರೂ ಬ್ಲಾಕ್ ಮಾಡಿದವರ ಪಟ್ಟಿ ಕೆಲಸ ಮಾಡುತ್ತಲೇ ಇರುತ್ತದೆ, ಅದಕ್ಕೆ ಎಲ್ಲರ ಪಟ್ಟಿಯನ್ನೂ ತೆರೆದು ನೋಡಬೇಕಾಯಿತು. ಮೂರು ದಿನ ಹಿಡಿಯಿತು. ಒಬ್ಬರ ಪಟ್ಟಿಯಲ್ಲಿ ಶಿಪ್ಪಿಂಗ್ ಲೈನ್‌ನ ಅರೈವಲ್ ನೋಟಿಸ್ (ಹಡಗು ಬರುವ ಸುದ್ದಿ) ಬರುವ ವಿಳಾಸವೇ ಇತ್ತು. ಜಾಹೀರಾತು ಮೇಲ್ ಬೇಡ ಅಂತ ಅವರು ‘ಜಂಕ್’ ಒತ್ತಿದ್ದರು. ಇನ್ನೊಬ್ಬರು, ಸಬ್ಜೆಕ್ಟ್‌ನಲ್ಲಿ ‘ಸ್ಪ್ಯಾಮ್’ ಅಂತಿದ್ದರೆ ಡಿಲೀಟೆಡ್ ಫೋಲ್ಡರ್‌ಗೆ ಹಾಕು ಅಂತ ರೂಲ್ ಬರೆದಿಟ್ಟಿದ್ದರು. ಆ ಪದವನ್ನು ಸಬ್ಜೆಕ್ಟ್‌ಗೆ ಸೇರಿಸುತ್ತಿದ್ದುದು ಆ್ಯಂಟಿವೈರಸ್. ಔಟ್‌ಲುಕ್ ಮುಚ್ಚುವಾಗ ಡಿಲೀಟೆಡ್ ಫೋಲ್ಡರ್ ಖಾಲಿ ಆಗುವ ಹಾಗೆ ಇನ್ನೊಂದು ಸೆಟ್ಟಿಂಗ್. ಅವರು ಸಂಜೆ ಕಂಪ್ಯೂಟರ್ ಬಂದ್ ಮಾಡಿ ಹೊರಟರೆ ಆ ಮೇಲ್‌ಗಳು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಯಾವುದೂ ಯಾರದೂ ದೊಡ್ಡ ತಪ್ಪಲ್ಲ. ಕೇಳುವವರು, ಹೇಳುವವರು ಇರಲಿಲ್ಲ, ಅಷ್ಟೇ.

ಗೇಟ್‌ವೇ ದಿನಾ ಬೆಳಿಗ್ಗೆ ‘ಇಷ್ಟು ಮೇಲ್ ತಡೆದಿದ್ದೇನೆ, ಬೇಕಿದ್ದರೆ ಬಿಡಿಸಿಕೊಳ್ಳಿ’ ಅಂತ ಒಂದು ಪಟ್ಟಿ ಕಳಿಸುತ್ತಿತ್ತು. ಅದನ್ನು ಯಾಕೆ ಯಾರೂ ನೋಡುವುದಿಲ್ಲ ಅಂತ ನನಗೆ ಮೊದಲಿಂದ ಬೇಸರವಿತ್ತು. ನೋಡಿದರೆ ಆ ಪಟ್ಟಿಯೇ ಎಲ್ಲರ ಜಂಕ್ ಫೋಲ್ಡರ್‌ನಲ್ಲಿ ಬಿದ್ದಿತ್ತು. ಪಟ್ಟಿಯ ತುಂಬ ಲಾಟರಿ, ಸಾಲ, ಔಷಧಿ ಅಂತ ಸ್ಪ್ಯಾಮ್‌ಗಳ ಹೆಸರೇ ಇರುತ್ತಲ್ಲ, ಮುಂದಿನ ಫಿಲ್ಟರ್ ಅದನ್ನೂ ಸ್ಪ್ಯಾಮ್ ಅಂದುಕೊಂಡಿತ್ತು.

ಎಲ್ಲ ಸರಿಯಾಯಿತಾ ಅಂತ ನೋಡಲು ಜಿಟ್ಯೂಬ್ ಬಳಸಿದೆ. ಅದು ಫಿಲ್ಟರ್‌ಗಳನ್ನು ಪರೀಕ್ಷಿಸಲು ಅಂತಲೇ ಇರುವ ಒಂದು ಸಾಲು, ಅದರಿಂದ ಯಾರಿಗೂ ಅಪಾಯ ಇಲ್ಲ. ಸ್ಪ್ಯಾಮ್‌ಅಸ್ಯಾಸಿನ್ ಅನ್ನುವ ಫಿಲ್ಟರ್‌ನಲ್ಲಿ ಸಾಮಾನ್ಯವಾಗಿ 5 ಅಂಕ ಬಂದರೆ ಮೇಲ್ ಸ್ಪ್ಯಾಮ್ ಅನಿಸಿಕೊಳ್ಳುತ್ತದೆ. ಈ ಸಾಲು ಇದ್ದರೆ ಅದು 1000 ಕೊಡುತ್ತದೆ. ನನ್ನ ಸ್ವಂತ ಮೇಲ್‌ನಿಂದ ಕಳಿಸಿ, ಯಾವ ಜರಡಿ ಹಿಡಿಯಿತು, ಹಿಡಿದದ್ದು ಎಲ್ಲಿ ಕೂತಿತು, ಯಾರಿಗೆ ತಿಳಿಸಿತು ಅಂತ ಒಂದೊಂದಾಗಿ ಬರೆದುಕೊಂಡೆ.

ನಮ್ಮ ಗೇಟ್‌ವೇ ಕರಾರು ಡಿಸೆಂಬರ್‌ನಲ್ಲಿ ಮುಗಿಯಿತು. ಮತ್ತೆ ಮಾಡಿಸಲಿಲ್ಲ. ದೊಡ್ಡ ಕಂಪನಿಗೆ ಎರಡು ಬೇಕಾಗಬಹುದು, ನೋಡಿಕೊಳ್ಳಲು ಜನ ಇರುತ್ತಾರೆ. 38 ಜನರ ಆಫೀಸಿಗೆ, ಒಬ್ಬನೇ ನೋಡುವ ಕಡೆ, ಒಂದೇ ಫಿಲ್ಟರನ್ನು ಚೆನ್ನಾಗಿ ತಿಳಿದುಕೊಂಡು ನೋಡುವುದು ಮೇಲು ಅಂತ ಯಜಮಾನರಿಗೆ ಬರೆದುಕೊಟ್ಟೆ. ಅವರು ಕೇಳಿದ್ದು ಒಂದೇ: ತಡೆದ ಮೇಲ್‌ಗಳನ್ನು ದಿನಾ ಯಾರು ನೋಡುತ್ತಾರೆ? ಹನ್ನೊಂದಕ್ಕೆ ನಾನು, ನಾಲ್ಕಕ್ಕೆ ಅಣ್ಣ ಅಂದೆ. ಅವತ್ತಿಂದ ಹಾಗೇ ನಡೆಯುತ್ತಿದೆ. ನಮ್ಮ ಮೇಲ್ ಯಾವ ಸರ್ವರ್‌ಗೆ ಬರಬೇಕು ಅಂತ ಹೇಳುವ ಎಂಎಕ್ಸ್ ದಾಖಲೆಯನ್ನು ಬದಲಿಸಿದ್ದು ಒಂದು ಶನಿವಾರ ರಾತ್ರಿ. ಸೋಮವಾರ ಬೆಳಿಗ್ಗೆವರೆಗೆ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಆ ಮೊದಲ ಮೇಲ್‌ನ ಹೆಡರನ್ನು ನಾನು ಪ್ರಿಂಟ್ ತೆಗೆದು ಅಣ್ಣನಿಗೆ ತೋರಿಸಿದ್ದೆ. ಪ್ರತಿ ಸರ್ವರ್ ತನ್ನ ಸಾಲನ್ನು ಮೇಲೆ ಸೇರಿಸುತ್ತಾ ಹೋಗುತ್ತದೆ, ಅದಕ್ಕೆ ಕೆಳಗಿನಿಂದ ಮೇಲಕ್ಕೆ ಓದಬೇಕು ಅಂತ ಪೆನ್ನಿನಲ್ಲಿ ಗೆರೆ ಎಳೆದು ವಿವರಿಸಿದೆ. ಮೊದಲ ಸರ್ವರ್, ಗೇಟ್‌ವೇ, ಕ್ಲೌಡ್. ಅವರು ಕನ್ನಡಕ ಏರಿಸಿಕೊಂಡು ಬೆರಳಿಟ್ಟು ಸಮಯ ನೋಡುತ್ತಾ ಹೋದರು. “ಇದು ನಮ್ಮ ಕಂಟೇನರ್ ಟ್ರ್ಯಾಕಿಂಗ್ ಕಂಡಂಗೇ ಉಂಟಲ್ಲ” ಅಂದರು. ಪ್ರತಿ ಮೇಲ್‌ಗೂ ಕಂಟೇನರ್ ನಂಬರ್ ಥರ ಒಂದು ಮೆಸೇಜ್ ಐ.ಡಿ. ಇರುತ್ತದೆ ಅಂತ ಅದನ್ನೂ ತೋರಿಸಿದೆ.

ಹೋದ ವಾರ ಅವರ ಟೇಬಲ್ ಪಕ್ಕ ಹೋಗುತ್ತಿದ್ದೆ. ಫೋನ್‌ನಲ್ಲಿ ದುಬೈಯ ಏಜೆಂಟ್ ಮೇಲ್ ಕಳಿಸಿದ್ದೇನೆ ಅಂತ ವಾದ ಮಾಡುತ್ತಿದ್ದ. ಅಣ್ಣ ತಮ್ಮ ಹಿಂದಿಯಲ್ಲಿ ನಿಧಾನವಾಗಿ ಹೇಳಿದರು: “ಭೇಜಾ ಹೋಗಾ ಭಾಯ್, ಮೈ ಮಾನತಾ ಹೂಂ. ಮೆಸೇಜ್ ಐ.ಡಿ. ದೇ ದೋ, ಇಧರ್ ಹಮ್ ಢೂಂಢ್ ಲೇಂಗೇ.”