ಕ್ರ್ಯಾಂಕ್ ಒಳಗೆ ಮುರಿದ ಬೋಲ್ಟ್

ಹಳೇ ಡೀಸೆಲ್ ಜೀಪೊಂದರಲ್ಲಿ ಕ್ರ್ಯಾಂಕ್‌ಗೆ (ಇಂಜಿನ್ನಿನ ತಿರುಗುವ ಮುಖ್ಯ ದಂಡಕ್ಕೆ) ಮುಂದಿನ ಪುಲ್ಲಿಯನ್ನು ಹಿಡಿದಿಡುವ ಬೋಲ್ಟ್, ಕ್ರ್ಯಾಂಕ್ ಮೂತಿಗೆ ಸಮವಾಗಿ ಮುರಿದು, ತುಂಡು ಒಳಗೇ ಉಳಿದಿತ್ತು. ಇಂಜಿನ್ನೇ ಇಳಿಸಬೇಕು ಅಂತ ಓನರಿಗೆ ಯಾರೋ ಹೆದರಿಸಿದ್ದರು. ಅಷ್ಟೆಲ್ಲ ಬೇಕಿಲ್ಲ. ರೇಡಿಯೇಟರ್ ಬಿಚ್ಚಿದಾಗ ಕೈಯಾಡಿಸಲು ಜಾಗ ಸಿಕ್ಕಿತು.

ತಲೆ ಹಾರಿದ ಬೋಲ್ಟಿಗೆ ಎಳೆತ ಇರುವುದಿಲ್ಲ ಅಲ್ವಾ? ಹಾಗಾಗಿ ತುಂಡು ನಾವು ಅಂದುಕೊಂಡಷ್ಟು ಬಿಗಿಯಾಗಿರುವುದಿಲ್ಲ. ತುಕ್ಕೋ, ಥ್ರೆಡ್ ಸಡಿಲವಾಗದಿರಲು ಹಚ್ಚುವ ಲಾಕ್ ಅಂಟೋ ಹಿಡಿದಿರುತ್ತದೆ, ಅಷ್ಟೇ. ಈಸಿ ಔಟ್ (ಮುರಿದ ತುಂಡಿಗೆ ತೂತು ಕೊರೆದು ಅದರೊಳಗೆ ಕಚ್ಚಿಸುವ ಗಟ್ಟಿ ಉಕ್ಕಿನ ಉಪಕರಣ) ಹಾಕಿ ತಿರುಚುವುದು ನನಗಿಷ್ಟವಿಲ್ಲ. ಅದು ಒಳಗೆ ಮುರಿದರೆ ಮಾಮೂಲಿ ಡ್ರಿಲ್ ಬಿಟ್ ಅದನ್ನು ಕೊರೆಯುವುದಿಲ್ಲ.

ಅದಕ್ಕೇ ನಟ್ ವೆಲ್ಡಿಂಗ್. ಬ್ಯಾಟರಿ ವೈರ್ ಬಿಚ್ಚಿ, ಕ್ರ್ಯಾಂಕ್ ಸುತ್ತ ಆಯಿಲ್ ಸೋರದಂತೆ ತಡೆಯುವ ಆಯಿಲ್ ಸೀಲ್ ಮೇಲೆ ಒದ್ದೆ ಬಟ್ಟೆ ಸುತ್ತಿದೆ. ವೆಲ್ಡಿಂಗ್ ಮೆಷಿನ್ನಿನ ಅರ್ಥ್ ಕ್ಲಾಂಪನ್ನು ಕ್ರ್ಯಾಂಕ್ ಮೂತಿಗೇ ಕಚ್ಚಿಸಬೇಕು. ಇಂಜಿನ್ ಬ್ಲಾಕಿಗೆ ಹಾಕಿದರೆ ಕರೆಂಟ್ ಕ್ರ್ಯಾಂಕಿನ ಬೇರಿಂಗ್ ಮೂಲಕ ಹರಿದು ಅದನ್ನು ಹಾಳು ಮಾಡಬಹುದು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ತುಂಡಿನ ಮೇಲೆ ನಟ್ ಇಟ್ಟು, ಅದರ ತೂತಿನೊಳಗೆ ವೆಲ್ಡ್ ತುಂಬಿಸಿದೆ. ಕೆಂಪು ಇಳಿದ ಮೇಲೆ ಸ್ಪ್ಯಾನರ್ ಹಾಕಿ ಮೊದಲು ಚೂರು ಬಿಗಿ ಮಾಡಿ, ಆಮೇಲೆ ಸಡಿಲಿಸಿದೆ. ಕಿರ್ರ್ ಅಂತ ಹೊರಳಿತು. ಆಮೇಲೆ ಕೈಯಲ್ಲೇ ಬಂತು!

ಥ್ರೆಡ್‌ಗೆ ಟ್ಯಾಪ್ (ಥ್ರೆಡ್ ಸರಿಪಡಿಸುವ ಉಪಕರಣ) ಹಾಕಿ ಊದಿ ಕ್ಲೀನ್ ಮಾಡಿದೆ. ಹೊಸ ಬೋಲ್ಟ್ ಅದೇ ಗ್ರೇಡಿನದ್ದೇ (ಅಷ್ಟೇ ಬಲದ್ದೇ) ಇರಲಿ, ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಲ್ಲೇ ಬಿಗಿ ಮಾಡಿ.